ಬಳೆಗಾರನ ಗುಂಡಿನ ಮೇಲಿನ ಅಕ್ಷರ



ನಾನು ಬಿಳಿಚೋಡಿನವನು. ಜಗಳೂರು ತಾಲ್ಲೂಕು ಎಂದರೆ ಬರದ ಸೀಮೆ ಎಂದು ಹೊರಗಿನವರು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಮುಂಗಾರು ಚೆನ್ನಾಗಿ ಬಿದ್ದ ವರ್ಷ ಅವರು ನಮ್ಮ ಗುಡ್ಡಗಳನ್ನು ನೋಡಬೇಕು. ಕಮರ, ಕಾರೆ, ತಂಗಡಿ, ಬಂದರಿಕೆ, ಸೀತಾಫಲ ಎಲ್ಲವೂ ಒಟ್ಟಿಗೆ ಚಿಗುರುತ್ತವೆ. ಬೇಸಿಗೆಯಲ್ಲಿ ಬೋಳಾಗಿ ಕಂಡ ಕಲ್ಲುಗುಡ್ಡ ನೋಡನೋಡುತ್ತ ಹಸಿರಾಗುತ್ತದೆ. ನಮ್ಮ ತಾಲ್ಲೂಕಿನ ರಂಗಯ್ಯನದುರ್ಗದ ಅಡವಿಯನ್ನು 2011ರಲ್ಲಿ ಕೊಂಡುಕುರಿ ವನ್ಯಧಾಮವೆಂದು ಸರ್ಕಾರ ಘೋಷಿಸಿತು. ನಾಲ್ಕು ಕೊಂಬಿನ ಆ ನಾಚಿಕೆಯ ಪ್ರಾಣಿಗೆ ಬೇಕಾದದ್ದು ಇಂಥ ಕುರುಚಲು ಕಾಡೇ. ಮಲೆನಾಡಿನ ದಟ್ಟ ಕಾಡನ್ನು ಕಂಡವರಿಗೆ ಇದು ಕಾಡೆನಿಸದೆ ಇರಬಹುದು. ಇಲ್ಲಿಯೇ ಹುಟ್ಟಿ ಬೆಳೆದ ನಮಗೆ ಅಡವಿ ಅಂದರೆ ಇದೇ.

ಇಂಥದ್ದೇ ಅಡವಿ ಹೊದ್ದ ಒಂದು ಬೆಟ್ಟದ ವಿಷಯವನ್ನು ಇಂದು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ. ಅದು ಇರುವುದು ಮೊಳಕಾಲ್ಮೂರು ತಾಲ್ಲೂಕಿನಲ್ಲಿ. ಹೆಸರು ಜಟಿಂಗ ರಾಮೇಶ್ವರ. ಅದರ ಸಮೀಪದಲ್ಲೇ ಸಿದ್ದಾಪುರ, ಬ್ರಹ್ಮಗಿರಿ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ನಾವೂ ಮೊಳಕಾಲ್ಮೂರಿನವರೂ ಒಂದೇ ಚಿತ್ರದುರ್ಗ ಜಿಲ್ಲೆಯವರು. ಜಿಲ್ಲೆಯ ಗಡಿ ಬದಲಾದರೂ ನೀರಿನ ದಾರಿ ಬದಲಾಗಲಿಲ್ಲ. ಜಗಳೂರು ಸೀಮೆಯ ಹಳ್ಳಗಳ ನೀರು ಹೊತ್ತು ಹೋಗುವ ಚಿನ್ನಹಗರಿ ಆ ಬೆಟ್ಟಗಳ ಮಗ್ಗುಲಲ್ಲೇ ಹಾದು ವೇದಾವತಿಯನ್ನು ಸೇರುತ್ತದೆ.

ಬಿಳಿಚೋಡಿನಿಂದ ಹೊರಟವರು ಜಗಳೂರು ದಾಟಿ, ನಾಯಕನಹಟ್ಟಿಯ ತಿಪ್ಪೇಸ್ವಾಮಿಗೆ ಕೈಮುಗಿದು, ತಳಕಿನ ಹತ್ತಿರ ಬಳ್ಳಾರಿ ಹೆದ್ದಾರಿ ಹಿಡಿದರೆ ರಾಂಪುರದ ಕಡೆಗೆ ದಾರಿ ನೇರ. ಹೆದ್ದಾರಿಯ ಎಡಬಲಕ್ಕೆ ಬಂಡೆಗಳ ರಾಶಿ ಶುರುವಾಗುತ್ತದೆ. ಒಂದರ ಮೇಲೊಂದು ನಿಂತ ಗುಂಡುಗಳು, ನಡುವೆ ಸಿಕ್ಕ ಹಿಡಿ ಮಣ್ಣಿನಲ್ಲಿ ಬೇರೂರಿದ ಗಿಡಗಳು. ನಮ್ಮ ಕಡೆಯವರು ಮದುವೆ ಜವಳಿಗೆ ಮೊಳಕಾಲ್ಮೂರಿಗೆ ಹೋಗುತ್ತಾರೆ, ರೇಷ್ಮೆ ಸೀರೆ ತೆಗೆದು ವಾಪಸು ಬರುತ್ತಾರೆ. ಅಲ್ಲಿಂದ ಸ್ವಲ್ಪ ದೂರದಲ್ಲಿರುವ ಈ ಬಂಡೆಗಳ ಬಳಿಗೆ ಹೋದವರು ಕಡಿಮೆ. ನನಗೆ ಬಹಳ ಕಾಲದಿಂದ ಇದ್ದ ಬೇಸರ ಇದು. ಈ ಭಾಷಣಕ್ಕೆ ಒಪ್ಪಿಕೊಂಡದ್ದೂ ಆ ಬೇಸರದಿಂದಲೇ.

ಮೊದಲು ಬ್ರಹ್ಮಗಿರಿಗೆ ಹೋಗೋಣ. ಗುಡ್ಡದ ಬಳಿ ಒಂದು ಬಂಡೆ ಇದೆ. ಊರವರು ಅದನ್ನು ಅಕ್ಷರಗುಂಡು ಎನ್ನುತ್ತಾರೆ. ಬಂಡೆಯ ಮೈಮೇಲೆ ಹದಿಮೂರು ಸಾಲು ಬರಹ. ಸಾಲುಗಳು ನೆಟ್ಟಗಿಲ್ಲ, ಬಂಡೆ ಬಾಗಿದ ಕಡೆ ತಾವೂ ಬಾಗುತ್ತವೆ. ಅಂಗೈಯಗಲದ ದೊಡ್ಡ ದೊಡ್ಡ ಅಕ್ಷರಗಳು. ಇಂದಿಗೆ ಸುಮಾರು 2280 ವರ್ಷಗಳ ಹಿಂದೆ ಕೊರೆದದ್ದು. ಅಪ್ಪಣೆ ಅಶೋಕ ಚಕ್ರವರ್ತಿಯದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ.

ಬರಹದ ಮೊದಲಲ್ಲೇ ಅದು ಯಾರು ಯಾರಿಗೆ ಕಳಿಸಿದ್ದು ಎಂಬ ಒಕ್ಕಣೆ ಇದೆ. ಸುವರ್ಣಗಿರಿಯಿಂದ ರಾಜಕುಮಾರನೂ ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳೂ ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸುತ್ತಾರೆ. ಆಮೇಲೆ ಅರಸನ ಮಾತು ಬರುತ್ತದೆ. ಸುವರ್ಣಗಿರಿ ಎಲ್ಲಿತ್ತೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಇಸಿಲ ಮಾತ್ರ ಈ ಗುಡ್ಡದ ಬುಡದಲ್ಲೇ ಇದ್ದ ಊರು. ಇಂದು ದಿಲ್ಲಿಯ ಆದೇಶ ಬೆಂಗಳೂರಿಗೆ ಬಂದು, ಅಲ್ಲಿಂದ ಚಿತ್ರದುರ್ಗಕ್ಕೆ, ಅಲ್ಲಿಂದ ತಾಲ್ಲೂಕು ಕಚೇರಿಗೆ ತಲುಪುವ ಹಾಗೆಯೇ ರಾಜಧಾನಿ ಪಾಟಲಿಪುತ್ರದ ಮಾತು ಸುವರ್ಣಗಿರಿಗೆ ಬಂದು, ಸುವರ್ಣಗಿರಿಯಿಂದ ನಮ್ಮ ಸೀಮೆಯ ಈ ಊರಿಗೆ ಬಂದಿದೆ. ಕಾಗದ ಪತ್ರದ ಮೇಲೊಕ್ಕಣೆ ಸಮೇತ ಅದನ್ನು ಬಂಡೆಯ ಮೇಲೆ ಕೊರೆದಿಟ್ಟಿದ್ದಾರೆ.

ಅರಸ ಹೇಳುವುದೇನು? ತಾನು ಎರಡೂವರೆ ವರ್ಷಕ್ಕೂ ಹೆಚ್ಚು ಕಾಲದಿಂದ ಬುದ್ಧನ ಉಪಾಸಕ, ಮೊದಲ ಒಂದು ವರ್ಷ ಅಷ್ಟಾಗಿ ಶ್ರಮಪಡಲಿಲ್ಲ, ಭಿಕ್ಷುಸಂಘದ ಹತ್ತಿರಕ್ಕೆ ಹೋದ ಮೇಲೆ ಮನಸ್ಸಿಟ್ಟು ಶ್ರಮಿಸಿದೆ ಎನ್ನುತ್ತಾನೆ. ಇಷ್ಟು ದೊಡ್ಡ ಸಾಮ್ರಾಜ್ಯದ ಒಡೆಯ, ತನ್ನ ಅಧಿಕಾರಿಗಳೂ ಪ್ರಜೆಗಳೂ ಓದುವ ಬಂಡೆಯ ಮೇಲೆ, ನಾನು ಒಂದು ವರ್ಷ ಸೋಮಾರಿಯಾಗಿದ್ದೆ ಎಂದು ಬರೆಸುತ್ತಾನೆ. ಅದನ್ನು ಓದಿದಾಗಲೆಲ್ಲ ನನಗೆ ಆ ಮನುಷ್ಯನ ಮೇಲೆ ಗೌರವ ಹೆಚ್ಚುತ್ತದೆ. ಮುಂದಿನ ಮಾತು ಇನ್ನೂ ದೊಡ್ಡದು. ಈ ಫಲ ದೊಡ್ಡವರಿಗೆ ಮಾತ್ರ ದಕ್ಕುವಂಥದ್ದೆಂದು ತಿಳಿಯಬೇಡಿ, ಸಣ್ಣವರೂ ಶ್ರಮಪಟ್ಟರೆ ಅವರಿಗೂ ಸ್ವರ್ಗ ಸಿಗುತ್ತದೆ ಎನ್ನುತ್ತಾನೆ. ಇಸಿಲದ ಕಲ್ಲು ಕುಟಿಗ, ದನ ಕಾಯುವವ, ಹೊಲ ಉಳುವವ ಎಲ್ಲರೂ ಆ ಮಾತಿನಲ್ಲಿ ಸೇರುತ್ತಾರೆ.

ಕೊನೆಯ ಭಾಗದಲ್ಲಿ ನಡತೆಯ ಮಾತುಗಳಿವೆ. ತಾಯಿತಂದೆಯರ ಸೇವೆ ಮಾಡಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ನೆಂಟರಿಷ್ಟರೊಂದಿಗೆ ತಕ್ಕ ಹಾಗೆ ನಡೆಯಬೇಕು. ಇದು ಹಿಂದಿನಿಂದ ಬಂದ ನಡೆ, ಇದರಿಂದ ಆಯಸ್ಸು ಹೆಚ್ಚುತ್ತದೆ ಎಂದೂ ಸೇರಿಸಿದ್ದಾನೆ. ತಾನು ಹೊಸದೇನನ್ನೋ ಕಂಡುಹಿಡಿದೆ ಎಂಬ ಹೆಮ್ಮೆ ಎಲ್ಲಿಯೂ ಇಲ್ಲ.

ಎಲ್ಲಕ್ಕಿಂತ ಕೊನೆಯಲ್ಲಿ ಒಂದು ಸಹಿ. ಇದನ್ನು ಬರೆದ ಲಿಪಿಕಾರ ಚಪಡ. ಈ ಚಪಡನ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಇಡೀ ಶಾಸನವನ್ನು ಎಡದಿಂದ ಬಲಕ್ಕೆ ಬ್ರಾಹ್ಮಿಯಲ್ಲಿ ಬರೆದವನು, ತಾನು ಲಿಪಿಕಾರ ಎಂದು ಹೇಳುವ ಆ ಒಂದೇ ಪದವನ್ನು ಬಲದಿಂದ ಎಡಕ್ಕೆ ಹೋಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ. ಅಶೋಕನ ಖರೋಷ್ಠಿ ಶಾಸನಗಳಿರುವ ಶಹಬಾಜ್‌ಗಢಿ, ಮಾನ್‌ಸೆಹ್ರಾ ಎರಡೂ ಇಂದಿನ ಪಾಕಿಸ್ತಾನದಲ್ಲಿವೆ. ಚಪಡ ಆ ಕಡೆಯಿಂದ ಬಂದವನೋ, ಅಲ್ಲಿ ಕೆಲಸ ಕಲಿತವನೋ ಇರಬೇಕು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರೂ ಕಡೆ ಅವನ ಕೈ ಇದೆ. ಚಿನ್ನಹಗರಿಯ ದಡದಲ್ಲಿ ಆ ಲಿಪಿಯನ್ನು ಓದುವವರು ಅಂದು ಒಬ್ಬರಾದರೂ ಇದ್ದರೋ ಇಲ್ಲವೋ. ಆದರೂ ತನ್ನ ಕಸುಬಿನ ಹೆಸರನ್ನು ತನ್ನ ಮೆಚ್ಚಿನ ಅಕ್ಷರದಲ್ಲಿ ಬರೆಯದೆ ಅವನಿಗೆ ಇರಲಾಗಲಿಲ್ಲ.

ಈ ಮೂರೂ ಬರಹಗಳು ಲೋಕಕ್ಕೆ ಮತ್ತೆ ತಿಳಿದದ್ದು 1892ರಲ್ಲಿ. ಮೈಸೂರು ಸಂಸ್ಥಾನದ ಶಾಸನಗಳನ್ನು ಊರೂರು ಸುತ್ತಿ ಕಲೆಹಾಕುತ್ತಿದ್ದ ಬಿ. ಎಲ್. ರೈಸ್ ಸಾಹೇಬರು ಇವನ್ನು ಗುರುತಿಸಿದರು. ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲಿ, 1837ರಲ್ಲಿ. ಅತ್ತ ಕಲ್ಕತ್ತೆಯಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯ ಗಂಟು ಬಿಡಿಸಿದ್ದೂ ಅದೇ ವರ್ಷ. ರೈಸ್ ಕಂಡುಹಿಡಿಯುವವರೆಗೆ ಅಶೋಕನ ಮಾತು ಇಷ್ಟು ದಕ್ಷಿಣಕ್ಕೆ ಬಂದಿತ್ತೆಂದು ಯಾರಿಗೂ ತಿಳಿದಿರಲಿಲ್ಲ. ಮೌರ್ಯ ಸಾಮ್ರಾಜ್ಯದ ನಕ್ಷೆಯ ಗೆರೆಯನ್ನು ಒಮ್ಮೆಗೇ ಕೆಳಕ್ಕೆ ಎಳೆದದ್ದು ನಮ್ಮ ನೆರೆಯ ಈ ಬಂಡೆಗಳು. ಇವುಗಳಲ್ಲಿ ಅರಸನಿಗೆ ದೇವಾನಾಂಪ್ರಿಯ ಎಂಬ ಬಿರುದಷ್ಟೇ ಇದೆ. ಅಶೋಕ ಎಂಬ ಹೆಸರೇ ಇರುವ ಶಾಸನ ಮೊದಲು ಸಿಕ್ಕಿದ್ದೂ ಕನ್ನಡ ನೆಲದಲ್ಲೇ, 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ.

1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಅಗೆದರು. ಕಲ್ಲುಕೊಡಲಿಯ ಜನ, ಅವರ ಮೇಲೆ ಕಬ್ಬಿಣ ಬಲ್ಲ, ಕಲ್ಲುಗೋರಿ ಕಟ್ಟಿದ ಜನ, ಅವರ ಮೇಲೆ ಶಾತವಾಹನರ ಕಾಲದ ಮಡಕೆ ಚೂರುಗಳು ಪದರ ಪದರವಾಗಿ ಕಂಡವು. ಆ ಅಗೆತ ದಕ್ಷಿಣ ಭಾರತದ ಪ್ರಾಚೀನ ಚರಿತ್ರೆಗೆ ಒಂದು ಅಳತೆಗೋಲಾಯಿತು. ಅಂದರೆ ಅಶೋಕನ ಆಳುಗಳು ಬಂದಾಗ ಇಲ್ಲಿ ಕಾಡಷ್ಟೇ ಇರಲಿಲ್ಲ. ಸತ್ತವರಿಗೆ ಚಪ್ಪಡಿ ಕಲ್ಲಿನ ಮನೆ ಕಟ್ಟುವ, ಅದಕ್ಕೊಂದು ದುಂಡನೆಯ ಕಿಂಡಿ ಕೊರೆಯುವ ಜನ ಇದ್ದರು. ಅವರಿಗೂ ಅವರದೇ ದೇವರು, ಅವರದೇ ನಂಬಿಕೆ ಇತ್ತು. ಬೌದ್ಧ ಧರ್ಮ ಕಳೆದುಹೋಯಿತು ಎಂದು ನಾವು ಹೇಳುತ್ತೇವೆ. ಅದಕ್ಕಿಂತ ಮುಂಚಿನ ಆ ಗೋರಿಗಳ ಧರ್ಮ ಇನ್ನೂ ಆಳದಲ್ಲಿ ಹೂತುಹೋಗಿದೆ. ಅದಕ್ಕೆ ಅಕ್ಷರವೂ ಇರಲಿಲ್ಲ, ಅದನ್ನು ಹೇಳಲು ಚಪಡನೂ ಬರಲಿಲ್ಲ.

ಈಗ ಜಟಿಂಗ ರಾಮೇಶ್ವರದ ಬೆಟ್ಟ ಹತ್ತೋಣ. ಮೂರು ಸಾವಿರ ಅಡಿಗೂ ಮೀರಿದ ಎತ್ತರ. ಸೀತೆಯನ್ನು ಹೊತ್ತೊಯ್ಯುತ್ತಿದ್ದ ರಾವಣನನ್ನು ಜಟಾಯು ತಡೆದು ಹೋರಾಡಿ ಬಿದ್ದದ್ದು ಇಲ್ಲಿ, ರಾಮನೇ ಇಲ್ಲಿ ಲಿಂಗ ಸ್ಥಾಪಿಸಿದ ಎಂಬುದು ಸ್ಥಳಪುರಾಣ. ಕಲ್ಲಿನ ಮೆಟ್ಟಿಲುಗಳ ಎರಡೂ ಕಡೆ ಕುರುಚಲು ಗಿಡ, ಗಿಡದ ಮರೆಯಲ್ಲಿ ಬಂಡೆಯ ಸಂದು, ಸಂದಿನಲ್ಲಿ ಕತ್ತಲು. ಹುತ್ತಗಳನ್ನು ಕೆದರಿ ಗೆದ್ದಲು ತಿಂದ ಗುರುತು ಕಂಡರೆ ಅದು ಕರಡಿಯ ಕೆಲಸ. ಸೀತಾಫಲ ಹಣ್ಣಾಗುವ ಕಾಲದಲ್ಲಿ ಅವು ಇನ್ನೂ ಧಾರಾಳವಾಗಿ ತಿರುಗುತ್ತವೆ. ಮೇಲೆ ಹೋದ ಹಾಗೆಲ್ಲ ಗಾಳಿ ಜೋರಾಗುತ್ತದೆ, ಕೆಳಗೆ ಹೊಲ, ಕೆರೆ, ಊರು ಎಲ್ಲವೂ ಸಣ್ಣದಾಗುತ್ತವೆ.

ನಾವು ಒಮ್ಮೆ ಹತ್ತುವಾಗ ದಾರಿಯಲ್ಲಿ ಆಡು ಮೇಯಿಸುತ್ತಿದ್ದ ಒಬ್ಬ ಅಜ್ಜ ಸಿಕ್ಕಿದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಸೊಪ್ಪು ಕಡಿಯುವ ಕುಡುಗೋಲು ಕಟ್ಟಿದ ಉದ್ದನೆಯ ಗಳ.

“ಯಾವೂರಪ್ಪಾ ನಿಮ್ದು?” ಅಂದ.

“ಬಿಳಿಚೋಡು ಕಣಜ್ಜ, ಜಗಳೂರು ತಾಲ್ಲೂಕು.”

“ಹಂಗಾದ್ರೆ ನಮ್ ಕಡೇರೇ ಬಿಡು. ಬಳೆಗಾರನ ಗುಂಡು ನೋಡಾಕೆ ಬಂದೀರಾ? ಮೇಲೆ ಗುಡಿ ಹತ್ರ ಐತೆ. ಹೊತ್ತು ಮುಳುಗಾಕೆ ಮುಂಚೆ ಇಳ್ಕಂಡ್ ಬಿಡ್ರಿ, ಕರಡಿ ಓಡಾಡ್ತವೆ.”

ಸ್ವಲ್ಪ ಹೊತ್ತು ಜೊತೆಗೇ ಕೂತೆವು. “ಅಲ್ಲ, ಅದ್ರಾಗೆ ಏನ್ ಬರ್ದೈತಂತೆ?” ಎಂದು ಅವನೇ ಕೇಳಿದ. ಅವ್ವ ಅಪ್ಪನನ್ನು ನೋಡಿಕೋಬೇಕು, ಜೀವಗಳ ಮೇಲೆ ದಯೆ ಇಡಬೇಕು, ಸುಳ್ಳು ಹೇಳಬಾರದು, ಕಲಿಸಿದವರಿಗೆ ಮರ್ಯಾದೆ ಕೊಡಬೇಕು ಎಂದು ಬರೆದಿದೆ ಅಜ್ಜ ಎಂದೆ. ಅಜ್ಜ ಆಡುಗಳ ಕಡೆಯೇ ನೋಡುತ್ತ, “ಇದನ್ನೇ ನಮ್ಮವ್ವ ಹೇಳ್ತಿದ್ಲು” ಅಂದ. ಇದು ಹಿಂದಿನಿಂದ ಬಂದ ನಡೆ ಎಂದು ಅರಸ ಬರೆಸಿದ ಮಾತಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಬಳೆಗಾರನ ಗುಂಡು ಗುಡಿಯ ಸಮೀಪದ ಒಂದು ಬಂಡೆ. ಜಾತ್ರೆಗೆ ಬಂದ ಬಳೆಗಾರರು ಅದರ ಮೇಲೆ ಮಲಾರ ಬಿಚ್ಚಿ ಕೂರುತ್ತಿದ್ದರು, ಅದಕ್ಕೇ ಆ ಹೆಸರು. ಅಕ್ಷರಗಳು ಬಹಳ ಸವೆದಿವೆ. ಬ್ರಹ್ಮಗಿರಿಯಲ್ಲಿ ಓದಿದವರಿಗೆ ಇಲ್ಲಿಯ ತುಂಡು ತುಂಡು ಪದಗಳೂ ಗೊತ್ತಾಗುತ್ತವೆ, ಏಕೆಂದರೆ ಒಕ್ಕಣೆ ಒಂದೇ. ಸಿದ್ದಾಪುರದ ಬಂಡೆಯ ಹೆಸರು ಎಮ್ಮೆತಮ್ಮನ ಗುಂಡು. ಚಕ್ರವರ್ತಿಯ ಹೆಸರು ಮರೆತುಹೋದ ಕಾಲದಲ್ಲಿ ಎಮ್ಮೆ ಕಾಯುವವನೂ ಬಳೆ ಮಾರುವವನೂ ಆ ಬಂಡೆಗಳಿಗೆ ಹೆಸರಾದರು. ಬಳೆಗಾರರ ಕೂತು ಏಳುವಿಕೆಯಿಂದ ಶಾಸನ ಹಾಳಾಯಿತೆಂದು ಸಿಟ್ಟಾಗುವವರನ್ನು ನೋಡಿದ್ದೇನೆ. ನನಗೆ ಸಿಟ್ಟು ಬರುವುದಿಲ್ಲ. ಅದರ ಮೇಲೆ ಕೂತು ಹೆಣ್ಣುಮಕ್ಕಳ ಕೈಗೆ ಬಳೆ ತೊಡಿಸಿದವರಿಗೆ ಅದು ಏನೆಂದು ಹೇಳುವವರು ಯಾರೂ ಇರಲಿಲ್ಲ. ಇಂದು ಎಲ್ಲ ತಿಳಿದೂ, ಹಳೆಯ ಬಂಡೆಗಳ ಮೇಲೆ ಬಣ್ಣದಲ್ಲಿ ತಮ್ಮ ಹೆಸರು, ಪ್ರೀತಿಸಿದವರ ಹೆಸರು ಗೀಚುವವರ ಮೇಲೆ ಮಾತ್ರ ಸಿಟ್ಟು ಬರುತ್ತದೆ.

ಈ ಬೆಟ್ಟವನ್ನು ಜನ ಬಿಟ್ಟುಹೋದ ಕಾಲವೇ ಇಲ್ಲವೆನ್ನಬೇಕು. ಕಲ್ಯಾಣದ ಚಾಲುಕ್ಯ ಆಹವಮಲ್ಲ ಸೋಮೇಶ್ವರನ ಮಗ ವಿಷ್ಣುವರ್ಧನ ವಿಜಯಾದಿತ್ಯ ನೊಳಂಬವಾಡಿ ಸೀಮೆಯನ್ನು ಆಳುತ್ತಿದ್ದಾಗ ಹುಟ್ಟಿದ 1064ರ ಶಾಸನ ಇಲ್ಲಿದೆ. ಅದೇ ಮನೆತನದ ಜಯಸಿಂಹನ 1072ರ ಶಾಸನವೂ ಇದೆ. ರಾಮೇಶ್ವರ ಆಗಲೇ ಹೆಸರಾದ ದೇವರು. ಈಗ ಒಂದು ಕ್ಷಣ 1064ರ ಆ ಕಲ್ಲುಕುಟಿಗನನ್ನು ನೆನೆಯಿರಿ. ಅವನು ಕೊರೆಯುತ್ತಿದ್ದುದು ಕನ್ನಡ ಅಕ್ಷರ. ಕೂಗಿದರೆ ಕೇಳುವ ದೂರದಲ್ಲೇ ಬ್ರಾಹ್ಮಿಯ ಬಂಡೆ. ಬ್ರಾಹ್ಮಿಯೇ ಶತಮಾನದಿಂದ ಶತಮಾನಕ್ಕೆ ಕೈಯಿಂದ ಕೈಗೆ ಬದಲಾಗುತ್ತ ಬಂದು ಕನ್ನಡ ಲಿಪಿಯಾದದ್ದು. ಅಂದರೆ ಅವನ ಉಳಿ ಮೂಡಿಸುತ್ತಿದ್ದ ಅಕ್ಷರಕ್ಕೆ ಆ ಬಂಡೆಯ ಅಕ್ಷರ ಮುತ್ತಜ್ಜ. ಮರಿಮಗ ಮುತ್ತಜ್ಜನ ಪಕ್ಕದಲ್ಲೇ ಕೂತಿದ್ದಾನೆ, ಗುರುತು ಸಿಗುತ್ತಿಲ್ಲ. ಈ ಬೆಟ್ಟದಲ್ಲಿ ಭಕ್ತಿ ಕಳೆದುಹೋಗಲಿಲ್ಲ, ಜನರೂ ಕಳೆದುಹೋಗಲಿಲ್ಲ. ಓದುವ ಕಣ್ಣು ಕಳೆದುಹೋಯಿತು. ನನಗೆ ಬಹಳ ದಿನದಿಂದ ಹೇಳಬೇಕೆನಿಸಿದ ಮಾತು ಇದು.

ಹಾಗೆಂದು ಬೌದ್ಧ ಧರ್ಮ ನಮ್ಮ ನಾಡಿನಿಂದ ಒಂದೇ ದಿನದಲ್ಲಿ ಎದ್ದುಹೋಯಿತೆಂದು ತಿಳಿಯಬಾರದು. ಮಂಗಳೂರಿನ ಕದ್ರಿಯಲ್ಲಿ ಆಳುಪ ಅರಸ ಕುಂದವರ್ಮ ಬೋಧಿಸತ್ವ ಲೋಕೇಶ್ವರನ ಕಂಚಿನ ಮೂರ್ತಿ ಮಾಡಿಸಿದ್ದು 968ರಲ್ಲಿ. ಜಟಿಂಗ ರಾಮೇಶ್ವರದ ಚಾಲುಕ್ಯ ಶಾಸನ ಹುಟ್ಟಿದ ಮರುವರ್ಷವೇ, 1065ರಲ್ಲಿ, ಶಿಕಾರಿಪುರದ ಬಳಿಯ ಬಳ್ಳಿಗಾವೆಯಲ್ಲಿ ದಂಡನಾಯಕ ರೂಪಭಟ್ಟಯ್ಯ ಬೌದ್ಧ ವಿಹಾರ ಕಟ್ಟಿಸಿದ. 1095ರ ಹೊತ್ತಿಗೆ ಗದಗದ ಕಡೆಯ ಡಂಬಳದಲ್ಲಿ ವರ್ತಕರಾದ ಸೆಟ್ಟಿಗಳು ಬೌದ್ಧ ದೇವತೆ ತಾರಾ ಭಗವತಿಗೆ ವಿಹಾರ ಮಾಡಿಸಿದ್ದರು. ಇಲ್ಲಿ ರಾಮೇಶ್ವರನಿಗೆ ದತ್ತಿ, ಅಲ್ಲಿ ಬುದ್ಧನಿಗೆ, ಇನ್ನೊಂದು ಕಡೆ ತಾರೆಗೆ, ಎಲ್ಲ ಒಂದೇ ಚಾಲುಕ್ಯರ ಆಳ್ವಿಕೆಯಲ್ಲಿ. ಆಮೇಲೆ ನಿಧಾನವಾಗಿ ಆಶ್ರಯ ಕೊಡುವ ವರ್ತಕರು ಕಡಿಮೆಯಾದರು, ಭಿಕ್ಷುಗಳು ಕಡಿಮೆಯಾದರು, ತಾರೆಯ ಗುಡಿಗೆ ದೀಪ ಹಚ್ಚುವವರು ಇಲ್ಲವಾದರು.

ಹೀಗೆ ಮರೆಯಾದದ್ದು ಮತ್ತೆ ಬೆಳಕಿಗೆ ಬರುವುದೂ ಉಂಟು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ನಡೆದ ಸಂಗತಿ ನಿಮಗೆ ಗೊತ್ತಿರಬಹುದು. ಚಂದ್ರಲಾಂಬೆಯ ಕ್ಷೇತ್ರದಲ್ಲಿ ಕಾಳಿಯ ಗುಡಿಯ ಮಾಡು 1980ರ ದಶಕದಲ್ಲಿ ಕುಸಿಯಿತು. ದೇವಿಯ ಪೀಠಕ್ಕೆ ಬಳಸಿದ್ದ ಕಲ್ಲನ್ನು ನೋಡಿದರೆ ಅದರ ಮೇಲೆ ಅಶೋಕನ ಶಾಸನ. ಪಕ್ಕದ ಕನಗನಹಳ್ಳಿಯಲ್ಲಿ ಅಗೆದಾಗ ದೊಡ್ಡ ಸ್ತೂಪವೇ ಸಿಕ್ಕಿತು. ರಾಣಿಯ ಜೊತೆ ನಿಂತ ಅಶೋಕನ ಶಿಲ್ಪವೂ, ಅದರ ಮೇಲೆ ಬ್ರಾಹ್ಮಿಯಲ್ಲಿ ಅವನ ಹೆಸರೂ ಸಿಕ್ಕವು. ನಮ್ಮ ಬೆಟ್ಟದಲ್ಲಿ ಅಂಥ ಸ್ತೂಪವಿಲ್ಲ, ಶಿಲ್ಪವಿಲ್ಲ. ಬಯಲಲ್ಲಿ ಮಲಗಿದ ಬಂಡೆ, ಅದರ ಮೇಲೆ ಮಾತು, ಅಷ್ಟೇ.

ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ನನ್ನ ಮಾತು ಅರ್ಧವಾಗುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರು ಈ ಮೂರೂ ತಾಲ್ಲೂಕುಗಳ ಮ್ಯಾಸನಾಯಕ ಸಮುದಾಯದವರು ದೇವರ ಎತ್ತುಗಳನ್ನು ಸಾಕುತ್ತಾರೆ. ಅವುಗಳ ಹೆಗಲ ಮೇಲೆ ನೊಗ ಇಡುವುದಿಲ್ಲ, ಅವನ್ನು ಮಾರುವುದಿಲ್ಲ. ಅವನ್ನು ಕಾಯುವ ಕಿಲಾರಿಗಳು ಮೇವಿರುವ ಅಡವಿಯಿಂದ ಅಡವಿಗೆ ಹೊಡೆದುಕೊಂಡು ಹೋಗುತ್ತಾರೆ. ಬರಗಾಲದಲ್ಲಿ ತಮ್ಮ ಊಟಕ್ಕೆ ತತ್ವಾರವಾದರೂ ದೇವರ ಎತ್ತಿಗೆ ಮೇವು ಹೊಂದಿಸುತ್ತಾರೆ. ಇದು ಅಶೋಕನಿಂದ ಬಂದ ಪದ್ಧತಿ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಲು ಆಧಾರವಿಲ್ಲ. ಇದು ಅವರ ಹಿರಿಯರದು, ಅವರ ಕುಲದ ಗುಡಿಕಟ್ಟಿನದು. ಆದರೆ ಜೀವಿಗಳಲ್ಲಿ ದಯೆ ಇರಲಿ ಎಂದು ಬರೆದ ಬಂಡೆಗಳ ಆಸುಪಾಸಿನಲ್ಲೇ, ಆ ಬರಹವನ್ನು ಓದದ ಜನ, ಗೇಯದ ದನಗಳನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. ಈ ಅಡವಿ ಉಳಿದರೆ ಆ ಎತ್ತುಗಳಿಗೂ ಮೇವು, ಕರಡಿಗೂ ನೆಲೆ. ಗುಡ್ಡಗಳನ್ನು ಒಡೆದು ಜಲ್ಲಿ ಮಾಡುವ ಯಂತ್ರಗಳ ಸದ್ದು ಎಲ್ಲೆಡೆ ಕೇಳುತ್ತಿರುವ ಈ ಕಾಲದಲ್ಲಿ ಪ್ರತಿ ಗುಂಡನ್ನೂ ಒಡೆಯುವ ಮುಂಚೆ ಅದರ ಮೈಮೇಲೆ ಏನಿದೆ ಎಂದು ಒಮ್ಮೆ ನೋಡಬೇಕು. ಬಳ್ಳಾರಿಯ ಕಡೆ ನಿಟ್ಟೂರು, ಉದೆಗೊಳಗಳಲ್ಲಿ ಅಶೋಕನ ಶಾಸನಗಳು ಬೆಳಕಿಗೆ ಬಂದದ್ದು 1970ರ ದಶಕದಲ್ಲಿ. ರೈಸ್ ಸಾಹೇಬರ ಕಾಲದಿಂದ ಎಂಬತ್ತಕ್ಕೂ ಹೆಚ್ಚು ವರ್ಷಗಳ ನಂತರ.

ನಮ್ಮ ಶಾಲೆಗಳ ಉಪಾಧ್ಯಾಯರಲ್ಲಿ ಒಂದು ಕೋರಿಕೆ. ಮಕ್ಕಳ ಪ್ರವಾಸ ಎಂದರೆ ಮೈಸೂರು, ಹಂಪೆ, ಜೋಗ ಎಂದು ಹೊರಡುತ್ತೀರಿ, ಅವೂ ಬೇಕು. ಒಂದು ವರ್ಷ ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿ. ಹೋಗುವ ಮುಂಚೆ ಕರಿಹಲಗೆಯ ಮೇಲೆ ನಾಲ್ಕೇ ಅಕ್ಷರ ಕಲಿಸಿ. ಬ್ರಾಹ್ಮಿಯ ‘ಕ’ ಎಂದರೆ ಕೂಡಿಸುವ ಚಿಹ್ನೆ. ನಮ್ಮ ‘ಕ’ದಲ್ಲಿ ಆ ಅಡ್ಡಗೆರೆ, ಆ ಉದ್ದಗೆರೆ ಎರಡೂ ಇನ್ನೂ ಇವೆ. ‘ಗ’ ಎಂದರೆ ಗುಡಿಸಲಿನ ಮಾಡಿನಂತೆ ಎರಡು ಗೆರೆ. ನಮ್ಮ ‘ಗ’ ಅದೇ ಮಾಡು ದುಂಡಗಾದದ್ದು. ‘ಠ’ ಬರೀ ಒಂದು ದುಂಡು, ಇವತ್ತಿಗೂ ನಮ್ಮದು ದುಂಡೇ. ‘ರ’ ಒಂದು ನೇರ ಗೆರೆ. ಇಷ್ಟು ಕಲಿತ ನಾಲ್ಕನೆಯ ತರಗತಿಯ ಹುಡುಗಿ ಅಕ್ಷರಗುಂಡಿನ ಮುಂದೆ ನಿಂತು, “ಸಾರ್, ಇಲ್ಲೊಂದು ಕ ಐತೆ, ಇಲ್ಲಿ ಇನ್ನೊಂದು” ಎಂದು ಬೆರಳು ಮಾಡಿ ತೋರಿಸುವುದನ್ನು ಕಂಡಿದ್ದೇನೆ. 1064ರ ಕುಶಲ ಕಲ್ಲುಕುಟಿಗನಿಗೆ ಸಿಗದ ಗುರುತು ಆ ಹುಡುಗಿಗೆ ಸಿಕ್ಕಿತು.

ಹೋಗುವವರಿಗೆ ಕೆಲವು ಮಾತು. ಬೆಳಗ್ಗೆ ಬೇಗ ಹೊರಟು ಮೊದಲು ಬ್ರಹ್ಮಗಿರಿಗೆ ಹೋಗಿ. ಎಳೆಬಿಸಿಲು ಓರೆಯಾಗಿ ಬಿದ್ದಾಗ ಕೊರೆದ ಗೆರೆಯೊಳಗೆ ನೆರಳು ನಿಲ್ಲುತ್ತದೆ, ಅಕ್ಷರ ಎದ್ದು ಕಾಣುತ್ತದೆ. ನಡುಹಗಲಿನಲ್ಲಿ ಅದೇ ಬಂಡೆ ಬರಿದಾಗಿ ಕಾಣುತ್ತದೆ. ಅಕ್ಷರ ಚೆನ್ನಾಗಿ ಕಾಣಲಿ ಎಂದು ಸುಣ್ಣ, ಸೀಮೆಸುಣ್ಣ ಹಚ್ಚಬೇಡಿ, ಬೂಟುಗಾಲಿನಲ್ಲಿ ಮೇಲೆ ಹತ್ತಬೇಡಿ. ಬಂಡೆಗಳು ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಜಟಿಂಗ ರಾಮೇಶ್ವರವನ್ನು ಬಿಸಿಲು ಇಳಿಮುಖವಾದ ಮೇಲೆ ಹತ್ತುವುದಾದರೆ, ಕತ್ತಲಾಗುವ ಮುಂಚೆ ಕೆಳಗಿರುವಷ್ಟು ಸಮಯ ಇಟ್ಟುಕೊಳ್ಳಿ. ನೀರಿನ ಬಾಟಲಿ ಒಯ್ದವರು ಖಾಲಿ ಬಾಟಲಿಯನ್ನು ವಾಪಸು ತನ್ನಿ. ಸೀತಾಫಲದ ಕಾಲವಾದರೆ ಗುಂಪಾಗಿ, ಮಾತಾಡುತ್ತ ನಡೆಯಿರಿ, ಸದ್ದು ಕೇಳಿದರೆ ಕರಡಿ ತಾನಾಗಿಯೇ ದೂರ ಹೋಗುತ್ತದೆ.